ಮೂವತ್ತನೆಯ ಹಾಳೆ

ಎರಡನೇ ವರ್ಷದ ಮನಃಶಾಸ್ತ್ರಕ್ಕೆ ಒಂದು ಕಿರುಸಂಶೋಧನೆ.
ಮೂವತ್ತು ಜನ ಬೇಕು, ಅಂದರು ಲೋಪಿಸ್ ಸರ್,
ಒಂದು ಕಡಿಮೆಯಾದರೂ ಅದು ಅಧ್ಯಯನವಲ್ಲ, ಹರಟೆ.

ಬೈತಖೋಲಕ್ಕೆ ಹೋದೆ. ಜೂನ್ ಕೊನೆಯ ವಾರ, ಮೀನುಗಾರಿಕೆ ಬಂದ್.
ಬೋಟುಗಳು ಒಂದಕ್ಕೊಂದು ಮೈ ತಿಕ್ಕುತ್ತ ನಿಂತಿದ್ದವು,
ನಡುವೆ ಸಿಕ್ಕ ಟಯರು ಕಿರುಗುಡುತ್ತಿತ್ತು.
ನನ್ನ ಚೀಲದಲ್ಲಿ ಇಪ್ಪತ್ತೊಂದು ಪ್ರಶ್ನೆ,
ಪ್ರತಿಯೊಂದಕ್ಕೂ ನಾಲ್ಕು ಮನೆ:
ಇಲ್ಲವೇ ಇಲ್ಲ, ಕೆಲವು ದಿನ, ಬಹುತೇಕ ದಿನ, ದಿನವೂ.
ಇಂಗ್ಲಿಷಿನಿಂದ ಕನ್ನಡಕ್ಕೆ ನಾನೇ ಇಳಿಸಿದ್ದು.
ಸ್ನೇಹಲ್ ಪೆಡ್ನೇಕರ ಮರಳಿ ಇಂಗ್ಲಿಷಿಗೆ ಏರಿಸಿ ನೋಡಿದಳು:
ಹೋಗುವಾಗ ಹತಾಶೆ, ಬರುವಾಗ ದಣಿವು.
ಹಾಗೇ ಬಿಟ್ಟೆವು, ಬಸ್ಸಿಗೆ ಹೊತ್ತಾಗಿತ್ತು.

ಶೇವಂತಿ ತಾಂಡೇಲ, ಐವತ್ತೆಂಟು, ಒಣಮೀನು ವ್ಯಾಪಾರ.
ಒಪ್ಪಿಗೆಪತ್ರ ಓದಿ ಹೇಳಿದೆ:
ಯಾವಾಗ ಬೇಕಾದರೂ ನೀವು ಎದ್ದು ಹೋಗಬಹುದು.
"ಇದು ನಾ ಕೂತ್ಕೊಳ್ಳೋ ಜಾಗ, ನಾ ಎಲ್ಲಿಗೆ ಹೋಗ್ಲಿ?
ಹೋಗೋದಾದ್ರೆ ನೀನೇ ಹೋಗು."
ನಕ್ಕು ಹೆಬ್ಬೆಟ್ಟು ಒತ್ತಿದಳು, ಹಾಳೆಗೆ ಬಂಗಡೆ ವಾಸನೆ ಹತ್ತಿತು.
ಶಾಶ್ವತ ವಿಳಾಸ?
"ನೇವಿಯವರ ಬೇಲಿ ಒಳಗುಂಟು."
ಆ ಗೆರೆಯನ್ನು ಖಾಲಿ ಬಿಟ್ಟೆ.
ಕಳೆದ ಎರಡು ವಾರಗಳಲ್ಲಿ ನಿಮಗೆ ಬೇಜಾರು...
"ಯಾವ ಬೇಜಾರು? ಮೀನು ಸಿಗದ ಬೇಜಾರೋ,
ಸಿಕ್ಕು ರೇಟು ಬಿದ್ದ ಬೇಜಾರೋ?
ಅಲ್ಲ ಬಾಯ್, ಬಂದ್ ಇರುವಾಗ ಬಂದು ಬೇಜಾರು ಕೇಳ್ತೀಯಲ್ಲ,
ಬೋಟು ಇಳಿದ ಮೇಲೆ ಬಾ, ಇದೇ ಕೇಳು, ಬೇರೆ ಹೇಳ್ತೇನೆ."
ಪ್ರಬಂಧದ ಕೊನೆಗೆ, 'ಮಿತಿಗಳು' ಎಂಬಲ್ಲಿ,
ಅದೇ ಮೊದಲ ವಾಕ್ಯವಾಯಿತು. ಅವಳ ಹೆಸರಿಲ್ಲ,
ಹೆಸರು ಹಾಕುವಂತಿಲ್ಲ.

ಇಪ್ಪತ್ತೊಂಬತ್ತು ಮುಗಿಯಿತು.
ಮೂವತ್ತನೆಯವನು ಬೋಟಿನ ಡ್ರೈವರ್,
ಹನ್ನೊಂದನೇ ಪ್ರಶ್ನೆಗೆ, ಅದು ನಿದ್ದೆಯದ್ದು,
ಬೀಡಿ ಆರಿಸಿ ಎದ್ದು ಹೋದ.
ಹೋಗಬಹುದು. ನಾನೇ ಓದಿ ಹೇಳಿದ್ದೆ.

ಮರುದಿನ ಕೊಡಬೇಕಿತ್ತು.
ಹಾಸ್ಟೆಲಿನಲ್ಲಿ ಕರೆಂಟು ಹೋಗಿ ಬಂದು ಹೋಗುತ್ತಿದ್ದ ರಾತ್ರಿ
ಒಬ್ಬಳನ್ನು ಹುಟ್ಟಿಸಿದೆ.
ಮುದಗಾದವಳು. ನಲವತ್ತೊಂದು ಇರಲಿ. ಸಿಗಡಿ ಸುಲಿಯುವ ಕೆಲಸ.
ಗಂಡ ಇರಲಿ, ಕುಡಿಯದವನೇ ಇರಲಿ, ಪಾಪ.
ನೂರಕ್ಕೆ ಮೂರು ಚಿಲ್ಲರೆ ಸುಳ್ಳು, ಅಷ್ಟೇ.
ಒಂದಕ್ಕೆ ಕೆಲವು ದಿನ ಎಂದೆ. ಎರಡಕ್ಕೂ.
ಐದಕ್ಕೆ ಬರುವಷ್ಟರಲ್ಲಿ ಪೆನ್ನು ಕೇಳುವುದನ್ನು ಬಿಟ್ಟಿತ್ತು.
ದಿನವೂ. ದಿನವೂ. ಬಹುತೇಕ ದಿನ. ದಿನವೂ.
ಹನ್ನೊಂದರಲ್ಲಿ, ಬೀಡಿ ಇದ್ದಿದ್ದರೆ ನಾನೂ ಆರಿಸುತ್ತಿದ್ದೆ.
ಕೂಡಿಸಿದೆ: ನಲವತ್ತಾರು.
ತಪ್ಪಿರಬೇಕೆಂದು ಕೆಳಗಿನಿಂದ ಮೇಲಕ್ಕೆ ಕೂಡಿಸಿದೆ.
ಮುದಗಾದ ಹೆಂಗಸಿಗೆ ಯಾಕೆ ಇಷ್ಟು?
ಅವಳ ಗಂಡ ಕುಡಿಯುವುದೂ ಇಲ್ಲವಲ್ಲ.

ಲೋಪಿಸ್ ಸರ್ ಹಾಳೆಗಳನ್ನು ಇಸ್ಪೀಟಿನಂತೆ ಮೇಜಿಗೆ ಬಡಿದು ಸಮಮಾಡಿ
ಒಂದೊಂದೇ ತಿರುವಿದರು. ಕೊನೆಯದರಲ್ಲಿ ನಿಂತರು.
ಮೂಗಿನ ಹತ್ತಿರ ಹಿಡಿದರು.
"ಇವಳು ಸಿಗಡಿ ಸುಲಿಯುವವಳಲ್ವಾ?"
ನಾನು ಕಿಟಕಿಯಾಚೆ ಕೋಡಿಬಾಗದ ಕಡೆಯ ಮೋಡ ನೋಡಿದೆ.
ಬೈದರು. ಸುಳ್ಳು ದತ್ತಾಂಶ ಕಳವಿಗಿಂತ ಕಡೆ ಎಂದರು.
ಕೆಂಪು ಪೆನ್ನಿನಲ್ಲಿ ಮೂಲೆಯಿಂದ ಮೂಲೆಗೆ ಗೆರೆ ಎಳೆದರು.
ಆದರೆ ಹರಿಯಲಿಲ್ಲ, ನನಗೂ ಕೊಡಲಿಲ್ಲ,
ಡ್ರಾವರಿನಲ್ಲಿಟ್ಟು ಸ್ವಲ್ಪ ಹೊತ್ತಿನ ಮೇಲೆ
"ಊಟ ಮಾಡಿದ್ಯಾ?" ಅಂದರು.
ಆ ಪ್ರಶ್ನೆಗೆ ನಾಲ್ಕು ಮನೆ ಇರಲಿಲ್ಲ. ಎಲ್ಲಿ ಗುರುತು ಹಾಕಲಿ,
ಅತ್ತೆ.
"ಸೋಮವಾರ ಆಸ್ಪತ್ರೆಯ ಡಾಕ್ಟರಮ್ಮ ಇರ್ತಾರೆ,
ಮುದಗಾದವಳನ್ನು ಕರ್ಕೊಂಡು ಬಾ."

ಅಚ್ಚಾದ ಪ್ರಬಂಧದ ಒಂಬತ್ತನೇ ಪುಟದಲ್ಲಿದೆ:
ಒಟ್ಟು ಇಪ್ಪತ್ತೊಂಬತ್ತು ಜನ. ಒಂದು ಹಾಳೆಯನ್ನು ಕೈಬಿಡಲಾಗಿದೆ.

ಸೋಮವಾರ ಜೋರು ಮಳೆ.
ಒಂದೇ ಕೊಡೆಯಲ್ಲಿ ಹೋದೆವು,
ನಾನು, ಅವಳು.